ಮನೆಪಾಠದ ಸಿದ್ಧತೆ

ಶಾಲೆಯಲ್ಲಿ ಹೇಳಿದ್ದನ್ನೇ ಮನೆಯಲ್ಲಿ ಇನ್ನೊಮ್ಮೆ ಹೇಳಿದರೆ ಮನೆಪಾಠವಾಯಿತೆಂದು ನಾನೂ ತಿಳಿದಿದ್ದೆನು. ಸರ್ವಜ್ಞನ ಊರೆಂದು ಹೆಸರಾದ ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ, ಐದನೆಯ ತರಗತಿಯ ಹುಡುಗನೊಬ್ಬನಿಗೆ ಸಂಜೆಯ ಹೊತ್ತು ಲೆಕ್ಕ ಹೇಳಿಕೊಡತೊಡಗಿದ ಮೇಲೆ ಆ ತಿಳಿವಳಿಕೆ ತಪ್ಪೆಂದು ಮನವರಿಕೆಯಾಯಿತು.

ಮೊದಲ ಒಂದು ತಿಂಗಳು ನಾನು ಲೆಕ್ಕ ಬಿಡಿಸುವುದು, ಅವನು ಬರೆದುಕೊಳ್ಳುವುದು, ಇಷ್ಟೇ ನಡೆಯಿತು. ಶಾಲೆಯ ಪರೀಕ್ಷೆಯಲ್ಲಿ ಕಳೆಯುವ ಲೆಕ್ಕಗಳೆಲ್ಲ ತಪ್ಪಿದವು. ಕಾರಣ ಕೇಳಿದರೆ, "ಅಣ್ಣಾ, ನೀವಿದ್ದಾಗ ಬರ್ತೈತ್ರಿ, ನೀವು ಹ್ವಾದ ಮ್ಯಾಲೆ ಬರೂದಿಲ್ರಿ" ಎಂದನು. ನನಗೆ ನಾಚಿಕೆಯಾಯಿತು. ಇಷ್ಟು ದಿನ ಲೆಕ್ಕ ಮಾಡಿದವನು ನಾನೇ ಹೊರತು ಅವನಲ್ಲ.

ಮರುದಿನ ಏನನ್ನೂ ಕಲಿಸದೆ, ಅವನು ಮಾಡುವುದನ್ನು ನೋಡುತ್ತ ಕುಳಿತೆನು. 52ರಲ್ಲಿ 38 ಕಳೆದು 26 ಎಂದು ಬರೆದನು. ಹೇಗೆಂದು ಅವನಿಂದಲೇ ಹೇಳಿಸಿದೆನು. ಎರಡರಲ್ಲಿ ಎಂಟು ಹೋಗದೆಂದು ಎಂಟರಲ್ಲಿ ಎರಡನ್ನು ಕಳೆದಿದ್ದನು! ಇದು ದಡ್ಡತನವಲ್ಲ, ನಡುವೆ ತಪ್ಪಿಹೋದ ಒಂದು ಮೆಟ್ಟಿಲು. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಮುಂದಿಟ್ಟೆನು. ಒಂದು ಕಟ್ಟನ್ನು ಅವನೇ ಬಿಚ್ಚಿದಾಗ ಬಿಡಿ ಕಡ್ಡಿ ಹನ್ನೆರಡಾದವು. ಉತ್ತರ 14 ಬಂದಿತು.

ಅಂದಿನಿಂದ ಒಂದು ತಾಸಿನ ಪಾಠವನ್ನು ಹೀಗೆ ಹಂಚಿಕೊಂಡೆನು. ಮೊದಲ 10 ನಿಮಿಷ ನಿನ್ನೆಯ ಲೆಕ್ಕ, ಪುಸ್ತಕ ನೋಡದೆ. ಮುಂದಿನ 20 ನಿಮಿಷ ಒಂದೇ ಒಂದು ಹೊಸ ವಿಷಯ, ಕೈಗೆ ಸಿಗುವ ವಸ್ತುಗಳಿಂದ. ಆಮೇಲೆ 20 ನಿಮಿಷ ಅವನೇ ಬಾಯಿಬಿಟ್ಟು ಹೇಳುತ್ತ ಲೆಕ್ಕ ಮಾಡುವುದು. ನನ್ನ ಸೂಚನೆಗಳು ಬರಬರುತ್ತ ಕಡಿಮೆ. ಕೊನೆಯ 10 ನಿಮಿಷ ಎರಡು ಲೆಕ್ಕ ಕೊಟ್ಟು ನಾನು ಅಂಗಳಕ್ಕೆ ಹೋಗುವುದು. ಅಲ್ಲಿ ಅವನು ಎಡವಿದ್ದೇ ನಾಳೆಯ ಪಾಠ.

ಇದು ನನ್ನ ಹೊಸ ಶೋಧವೇನೂ ಅಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ವಿದ್ವಾಂಸರು ಇಂಥ ನೆರವನ್ನು, ಗೋಡೆ ಕಟ್ಟುವಾಗ ಹಾಕುವ ಸಾರುವೆಗೆ ಹೋಲಿಸಿದರು. ಗೋಡೆ ನಿಂತ ಮೇಲೆ ಸಾರುವೆಯನ್ನು ಬಿಚ್ಚಲೇಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯೂ ಪ್ರತಿ ಮಗುವನ್ನು ಅದರದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಡೆಸುತ್ತದೆ.

ಮನೆಪಾಠ ಹೇಳುವ ಸಹಪಾಠಿಗಳೇ, ಪುಸ್ತಕದ ಪುಟವನ್ನಲ್ಲ, ಮಗುವಿನ ತಪ್ಪನ್ನು ನೋಡಿ ಪಾಠವನ್ನು ಸಿದ್ಧಪಡಿಸಿರಿ. ಮೊನ್ನೆ ನಾನು ಅಂಗಳದಿಂದ ಬೇಗನೆ ತಿರುಗಿ ಬಂದಾಗ ಹುಡುಗನು ಪಾಟಿಯನ್ನು ಕೈಯಿಂದ ಮುಚ್ಚಿ, "ಈಗ ಒಳಗ ಬರಬ್ಯಾಡ್ರಿ ಅಣ್ಣಾ, ಇನ್ನೊಂದು ಐತ್ರಿ" ಎಂದನು.