ಎರವಲು ಸೂರಿನ ಆಸ್ಪತ್ರೆಗಳು

ಲಂಡನ್ನಿನ ಕ್ಯೂ ಬಡಾವಣೆಯಲ್ಲಿ, ಥೇಮ್ಸ್ ನದಿಯಿಂದ ಕೂಗಳತೆಯಲ್ಲಿ, ಕೋಟೆಯಂತಹ ಒಂದು ಕಾಂಕ್ರೀಟು ಕಟ್ಟಡವಿದೆ. ಎದುರಿಗೆ ಕೊಳ, ಕೊಳದಲ್ಲಿ ಬಾತುಗಳು. ಇದು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಬಂದವರು ಕೋಟು, ಚೀಲ, ಪೆನ್ನು, ನೀರಿನ ಬಾಟಲಿ ಎಲ್ಲವನ್ನೂ ಕೆಳಗಿನ ಲಾಕರಿನಲ್ಲಿಟ್ಟು, ಪಾರದರ್ಶಕ ಚೀಲದಲ್ಲಿ ಪೆನ್ಸಿಲ್ಲು, ಕಾಗದ ಹಿಡಿದು ಮೆಟ್ಟಿಲು ಹತ್ತುತ್ತಾರೆ. ವಾಚನಾಲಯದಲ್ಲಿ ಪುಟ ಮಗುಚುವ ಸದ್ದು ಬಿಟ್ಟರೆ ಬೇರೆ ಸದ್ದು ಕಡಿಮೆ. ಮೇಜಿನ ಮೇಲೆ ಸ್ಪಂಜಿನ ಒರಗುದಿಂಬು, ಅದರ ಮೇಲೆ ಬೆನ್ನು ಸಡಿಲವಾದ ದಪ್ಪ ಲೆಡ್ಜರು. ಹಾಳೆ ಮಡಚಿಕೊಳ್ಳದಂತೆ ಸೀಸದ ಗುಂಡು ತುಂಬಿದ ಬಟ್ಟೆಯ ಸರ. ಮೊದಲ ಮಹಾಯುದ್ಧದ ಮಿಲಿಟರಿ ಆಸ್ಪತ್ರೆಯೊಂದರ ದಾಖಲಾತಿ ಪುಸ್ತಕ ಹೀಗೆ ಕಣ್ಣೆದುರು ತೆರೆದುಕೊಳ್ಳುತ್ತದೆ.

ಒಬ್ಬ ಸಿಪಾಯಿಗೆ ಒಂದು ಸಾಲು. ರೆಜಿಮೆಂಟು, ನಂಬರು, ದರ್ಜೆ, ಹೆಸರು, ವಯಸ್ಸು, ಸೇವೆಯ ವರ್ಷ, ರಣರಂಗದಲ್ಲಿ ಕಳೆದ ತಿಂಗಳು, ಕಾಯಿಲೆ, ಬಂದ ದಿನ, ಹೋದ ದಿನ, ವಾರ್ಡು, ಧರ್ಮ. ಕಾಯಿಲೆಯ ಅಂಕಣದಲ್ಲಿ ಗುಮಾಸ್ತನ ಅವಸರದ ಇಂಗ್ಲಿಷ್ ಮೊದಲಕ್ಷರಗಳು. ‘ಜಿ.ಎಸ್.ಡಬ್ಲ್ಯೂ.’ ಎಂದರೆ ಗುಂಡಿನ ಗಾಯ. ಷೆಲ್ಲಿನ ಚೂರು ಹೊಕ್ಕಿದ್ದರೂ ಅನೇಕ ಸಲ ಅದನ್ನೇ ಬರೆಯುತ್ತಿದ್ದರು. ‘ಪಿ.ಯು.ಒ.’ ಎಂದರೆ ಮೂಲ ತಿಳಿಯದ ಜ್ವರ. ‘ಎನ್.ವೈ.ಡಿ.’ ಎಂದರೆ ರೋಗ ಇನ್ನೂ ನಿರ್ಧಾರವಾಗಿಲ್ಲ. ಆದರೆ ಹುಡುಕುವವರ ಬೆರಳು ಹೆಚ್ಚು ಹೊತ್ತು ನಿಲ್ಲುವುದು ‘ಎಲ್ಲಿಗೆ ಕಳಿಸಲಾಯಿತು’ ಎಂಬ ಅಂಕಣದ ಮೇಲೆ. ಇನ್ನೊಂದು ಆಸ್ಪತ್ರೆಗೋ, ಹಡಗಿಗೋ, ಮರಳಿ ಪಲ್ಟನ್ನಿಗೋ? ಮುಂದಿನ ಜಾಡು ಅಲ್ಲೇ ಸಿಗಬೇಕು.

ಮುಂದಿನ ಆಸ್ಪತ್ರೆಯ ಪುಸ್ತಕವೂ ಇದ್ದರೆ ತಾನೆ ಜಾಡು ಸಿಗುವುದು? ಬಹಳಷ್ಟು ಸಲ ಅದು ಇರುವುದಿಲ್ಲ. ಯುದ್ಧ ಮುಗಿದ ಮೇಲೆ ಆಸ್ಪತ್ರೆಗಳ ಪುಸ್ತಕಗಳನ್ನು ಒಂದೆಡೆ ರಾಶಿ ಹಾಕಿ, ಗಾಯ, ಕಾಯಿಲೆಗಳ ಅಂಕಿಅಂಶ ತೆಗೆದರು. ಆ ಲೆಕ್ಕ 1931ರಲ್ಲಿ ಯುದ್ಧದ ಅಧಿಕೃತ ವೈದ್ಯಕೀಯ ಇತಿಹಾಸದ ಸಂಪುಟವಾಗಿ ಅಚ್ಚಾಯಿತು. ಲೆಕ್ಕ ಮುಗಿದ ಮೇಲೆ ಪುಸ್ತಕಗಳು ಯಾರಿಗೆ ಬೇಕು? ಮಾದರಿಗೆಂದು ಕೆಲವನ್ನು ಆರಿಸಿಟ್ಟು ಉಳಿದವನ್ನು ನಾಶಮಾಡಿದರು. ಆರಿಸಿಟ್ಟವೇ ಇಂದು ಕ್ಯೂನಲ್ಲಿ ‘ಎಂ.ಎಚ್. 106’ ಎಂಬ ಸರಣಿಯಾಗಿ ಕೂತಿವೆ. ಸಿಪಾಯಿಗಳ ಸೇವಾ ಕಡತಗಳ ಪಾಡು ಬೇರೆ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಆರ್ನ್‌ಸೈಡ್ ರಸ್ತೆಯ ಉಗ್ರಾಣದ ಮೇಲೆ ಬಾಂಬು ಹಾಕಿದಾಗ ಅವುಗಳಲ್ಲಿ ಸುಮಾರು ಶೇ 60ರಷ್ಟು ಸುಟ್ಟುಹೋದವು. ಉಳಿದವುಗಳ ಅಂಚು ಕರಕಲು. ಬೆಂಕಿ ಆರಿಸಿದ ನೀರಿಗೆ ಶಾಯಿ ಹರಡಿದೆ. ಅವುಗಳನ್ನು ‘ಸುಟ್ಟ ಕಾಗದಗಳು’ ಎಂದೇ ಕರೆಯುತ್ತಾರೆ.

ಈ ಆಸ್ಪತ್ರೆಗಳು ಹುಟ್ಟಿದ ಬಗೆ ತಿಳಿದರೆ ಕಾಗದಗಳು ಚದುರಿದ ಬಗೆಯೂ ತಿಳಿಯುತ್ತದೆ. 1908ರಲ್ಲಿ ಯುದ್ಧಮಂತ್ರಿ ಹಾಲ್ಡೇನ್ ಟೆರಿಟೋರಿಯಲ್ ಎಂಬ ಮೀಸಲು ಸೇನೆ ಕಟ್ಟಿದಾಗ, ಅದರ ಜೊತೆಗೆ ದೇಶದಾದ್ಯಂತ 23 ಜನರಲ್ ಆಸ್ಪತ್ರೆಗಳ ಯೋಜನೆಯೂ ಸಿದ್ಧವಾಯಿತು. ಒಂದೊಂದಕ್ಕೆ 520 ಹಾಸಿಗೆ. ಆದರೆ ಶಾಂತಿಕಾಲದಲ್ಲಿ ಅವು ಇದ್ದದ್ದು ಕಾಗದದ ಮೇಲೆ ಮಾತ್ರ. ಡಾಕ್ಟರುಗಳು ತಮ್ಮ ತಮ್ಮ ಊರಿನ ಆಸ್ಪತ್ರೆಗಳಲ್ಲಿ, ದಾದಿಯರು ತಮ್ಮ ಕೆಲಸಗಳಲ್ಲಿ, ಗೊತ್ತುಮಾಡಿಟ್ಟ ಕಟ್ಟಡಗಳಲ್ಲಿ ಎಂದಿನಂತೆ ಪಾಠ, ಪರೀಕ್ಷೆ. 1914ರ ಆಗಸ್ಟಿನಲ್ಲಿ ಕರೆ ಬಂದದ್ದೇ ತಡ, ಬೆಂಚು ಹೊರಗೆ, ಮಂಚ ಒಳಗೆ.

ಆಕ್ಸ್‌ಫರ್ಡಿನಲ್ಲಿ ವಿಶ್ವವಿದ್ಯಾಲಯದ ಪರೀಕ್ಷಾ ಭವನವೇ ವಾರ್ಡಾಯಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮಹಾಸಭಾಂಗಣದ ಎತ್ತರದ ಕಿಟಕಿಗಳ ಕೆಳಗೆ ಮಂಚಗಳು ಸಾಲುಗಟ್ಟಿದವು. ಕೇಂಬ್ರಿಡ್ಜಿನಲ್ಲಿ ಕಾಲೇಜುಗಳ ಕ್ರಿಕೆಟ್ ಮೈದಾನದ ಮೇಲೆ ಮರದ ವಾರ್ಡುಗಳು ಎದ್ದವು; ಒಂದು ಬದಿಗೆ ಗೋಡೆಯೇ ಇಲ್ಲ, ಗಾಳಿಯೇ ಔಷಧಿ ಎಂಬ ನಂಬಿಕೆ. ಆ ಜಾಗದಲ್ಲಿ ಈಗ ವಿಶ್ವವಿದ್ಯಾಲಯದ ಗ್ರಂಥಾಲಯವಿದೆ. ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ, ಕ್ರಿಮಿಯಾ ಯುದ್ಧದ ಸಿಪಾಯಿಗಳ ಅನಾಥ ಹೆಣ್ಣುಮಕ್ಕಳಿಗಾಗಿ ಕಟ್ಟಿದ್ದ ಶಾಲೆ ಮೂರನೇ ಲಂಡನ್ ಜನರಲ್ ಆಸ್ಪತ್ರೆಯಾಯಿತು. ಅಲ್ಲಿ ಆರ್ಡರ್ಲಿಯಾಗಿ ಸೇರಿದ ಶಿಲ್ಪಿ ಡರ್ವೆಂಟ್ ವುಡ್, ಮುಖ ಛಿದ್ರವಾದವರಿಗೆ ಅವರವರ ಹಳೆಯ ಮುಖಚಹರೆಗೆ ಹೊಂದುವ ತೆಳು ಲೋಹದ ಮುಖವಾಡ ಮಾಡಿಕೊಡುತ್ತಿದ್ದ. ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ಸೇನೆಗೆ ಇದ್ದದ್ದು ಕೆಲವೇ ಸಾವಿರ ಹಾಸಿಗೆ. ಮುಗಿಯುವ ಹೊತ್ತಿಗೆ ಮೂರೂವರೆ ಲಕ್ಷ ದಾಟಿತ್ತು.

ಸಂಧಿ ಸಹಿ ಬಿದ್ದ ಮೇಲೆ ಇವೆಲ್ಲ ಬಾಡಿಗೆ ಮನೆ ಖಾಲಿ ಮಾಡಿದ ಸಂಸಾರದಂತೆ ಗಂಟುಕಟ್ಟಿ ಹೋದವು. ಸೇನೆಯ ಪಾಲಿನ ಕಾಗದ ಸೇನೆಗೆ ಹೋಯಿತು, ಮಿಕ್ಕದ್ದು ಮನೆಯೊಡೆಯನ ಬಳಿ ಉಳಿಯಿತು. ಹೀಗಾಗಿ ಇಂತಹ ಆಸ್ಪತ್ರೆಯನ್ನು ಹುಡುಕುವವರು ಕೇಳಬೇಕಾದ ಪ್ರಶ್ನೆ ಮೂರು: ಕಟ್ಟಡ ಯಾರದು, ನಡೆಸಿದವರು ಯಾರು, ದುಡ್ಡು ಕೊಟ್ಟವರು ಯಾರು?

ಫ್ರಾನ್ಸಿನ ರೂವಾನಿನಲ್ಲಿದ್ದ ಆಸ್ಪತ್ರೆಯಾದರೆ ಅದರ ಯುದ್ಧದಿನಚರಿ ಕ್ಯೂನಲ್ಲಿ ‘ಡಬ್ಲ್ಯೂ.ಒ. 95’ ಸರಣಿಯಲ್ಲಿ ಸಿಗುತ್ತದೆ: ಎಷ್ಟು ಜನ ಬಂದರು, ಎಷ್ಟು ಗುಡಾರ ಹಾಕಿದೆವು, ಮಳೆ ಬಂತೇ ಎಂಬ ವಿವರಗಳ ಸಮೇತ. ಸ್ವದೇಶದ ಆಸ್ಪತ್ರೆಗಳು ಸಾಮಾನ್ಯವಾಗಿ ದಿನಚರಿ ಬರೆಯಲಿಲ್ಲ. ಅವುಗಳ ಕಥೆ ಶಾಲೆಯ ಹೆಡ್‌ಮಾಸ್ತರರ ದಿನಚರಿ ಪುಸ್ತಕದಲ್ಲಿ, ವಿಶ್ವವಿದ್ಯಾಲಯದ ಕೌನ್ಸಿಲ್ಲಿನ ನಡಾವಳಿಯಲ್ಲಿ, ಮಾನಸಿಕ ಆಸ್ಪತ್ರೆಯ ಸಮಿತಿಯ ವರದಿಯಲ್ಲಿ ಸಿಗಬೇಕು. ಕೌಂಟಿ ಪತ್ರಾಗಾರದಲ್ಲಿರುವ ಸ್ಥಳೀಯ ಪತ್ರಿಕೆಗಳನ್ನು ಮಗುಚಿದರೆ, ವಾರ್ಡಿಗೆ ಮೊಟ್ಟೆ, ಸಿಗರೇಟು, ಗ್ರಾಮೊಫೋನು ಕೊಟ್ಟವರ ಪಟ್ಟಿ ಸಾಲುಸಾಲು. ಹಲವು ಆಸ್ಪತ್ರೆಗಳು ತಮ್ಮದೇ ಪತ್ರಿಕೆ ಹೊರಡಿಸುತ್ತಿದ್ದವು. ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ ಮನಸ್ಸು ಜರ್ಜರಿತವಾದ ಅಧಿಕಾರಿಗಳ ಪತ್ರಿಕೆ ‘ದಿ ಹೈಡ್ರಾ’ಕ್ಕೆ 1917ರಲ್ಲಿ ಸಂಪಾದಕನಾಗಿದ್ದವನು ಅಲ್ಲಿಯ ರೋಗಿಯೇ ಆಗಿದ್ದ ಕವಿ ವಿಲ್‌ಫ್ರೆಡ್ ಓವೆನ್. ಲಂಡನ್ನಿನ ಎಂಡೆಲ್ ರಸ್ತೆಯಲ್ಲಿ ಹೆಂಗಸರೇ ಡಾಕ್ಟರಾಗಿ, ಆಡಳಿತಗಾರರಾಗಿ ನಡೆಸಿದ ಮಿಲಿಟರಿ ಆಸ್ಪತ್ರೆಯ ಮುಖ್ಯಸ್ಥೆಯರಲ್ಲಿ ಒಬ್ಬರಾದ ಲೂಯಿಸಾ ಗ್ಯಾರೆಟ್ ಆ್ಯಂಡರ್ಸನ್ ಅವರ ಪತ್ರಗಳನ್ನು ನೋಡಬೇಕೆಂದರೆ ಸೇನೆಯ ಕಪಾಟು ಬಿಟ್ಟು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಮಹಿಳಾ ಗ್ರಂಥಾಲಯಕ್ಕೆ ಹೋಗಬೇಕು. ಊರೂರಿನ ಬಂಗಲೆ, ಚರ್ಚಿನ ಹಾಲುಗಳಲ್ಲಿ ನಡೆದ ಸಹಾಯಕ ಆಸ್ಪತ್ರೆಗಳೇ ಮೂರು ಸಾವಿರದಷ್ಟಿದ್ದವು. ಅಲ್ಲಿ ದುಡಿದ ಸ್ವಯಂಸೇವಕಿಯರ ಕಾರ್ಡುಗಳು ರೆಡ್‌ಕ್ರಾಸಿನ ಬಳಿ ಇವೆ.

ಈ ಮೂರು ಪ್ರಶ್ನೆಗಳಿಗೆ ಬ್ರೈಟನ್ ಊರಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಸಮುದ್ರತೀರದ ಈ ಊರಿನಲ್ಲಿ ನಾಲ್ಕನೇ ಜಾರ್ಜ್ ತನ್ನ ಶೋಕಿಗೆ ಕಟ್ಟಿಸಿಕೊಂಡ ಅರಮನೆಗೆ ಹೊರಗಿನಿಂದ ಮೊಘಲ್ ಗುಮ್ಮಟಗಳು, ಮಿನಾರುಗಳು. 1914ರ ಡಿಸೆಂಬರಿನಲ್ಲಿ ಅಲ್ಲಿ ಫ್ರಾನ್ಸಿನ ಕಂದಕಗಳಿಂದ ಬಂದ ಭಾರತೀಯ ಸಿಪಾಯಿಗಳ ಆಸ್ಪತ್ರೆ ಶುರುವಾಯಿತು. ದೊಡ್ಡ ಗುಮ್ಮಟದ ಕೆಳಗೆ ಮಂಚಗಳ ಸಾಲು. ಹುಲ್ಲುಹಾಸಿನಲ್ಲಿ ಗುರುದ್ವಾರದ ಗುಡಾರ, ನಮಾಜಿಗೆ ಬೇರೆ ಜಾಗ. ಮತ, ಜಾತಿ ನೋಡಿಕೊಂಡು ಒಂಬತ್ತು ಅಡುಗೆಮನೆ, ಬೇರೆ ಬೇರೆ ನೀರಿನ ನಲ್ಲಿ, ಉರ್ದು, ಹಿಂದಿ, ಗುರುಮುಖಿಯಲ್ಲಿ ಫಲಕ. ಫೋಟೊ ತೆಗೆಸಿ ಪೋಸ್ಟ್‌ಕಾರ್ಡು ಮಾಡಿ ಹಂಚಿದರು. ಇದೇ ಊರಿನ ಬಡವರ ಆಶ್ರಯಗೃಹದಲ್ಲಿ ನಡೆದ ಕಿಚನರ್ ಆಸ್ಪತ್ರೆಯಲ್ಲಿ ಮಾತ್ರ ರೋಗಿಗಳು ಪೇಟೆಗೆ ಹೋಗದಂತೆ ಕಟ್ಟುಕಾವಲು. ಪೋಸ್ಟ್‌ಕಾರ್ಡು ಹೇಳದ ಈ ಸಂಗತಿಯ ಬಗ್ಗೆ ಸಿಪಾಯಿಗಳು ಮನೆಗೆ ಬರೆದ ಗೋಳು ಸಿಗುವುದು ಸೆನ್ಸಾರ್ ಅಧಿಕಾರಿಯ ವರದಿಗಳಲ್ಲಿ. ಅವನು ಪತ್ರ ಒಡೆದು ಓದಿ, ಮುಖ್ಯವೆನಿಸಿದ ಭಾಗವನ್ನು ಇಂಗ್ಲಿಷಿಗೆ ಇಳಿಸಿಡುತ್ತಿದ್ದ.

1915ರ ಕೊನೆಗೆ ಭಾರತೀಯ ಕಾಲಾಳು ಪಡೆಗಳು ಮೆಸೊಪೊಟೇಮಿಯಾಕ್ಕೆ ಹೊರಟವು. ಮರುವರ್ಷ ಅದೇ ಅರಮನೆಯಲ್ಲಿ ಕೈಕಾಲು ಕಳೆದುಕೊಂಡ ಬ್ರಿಟಿಷ್ ಸಿಪಾಯಿಗಳ ಆಸ್ಪತ್ರೆ ತೆರೆದು 1920ರವರೆಗೆ ನಡೆಯಿತು. ಹೀಗೆ ಒಂದೇ ಸೂರಿನಡಿಯ ಕಾಗದಗಳು ಹಲವು ದಿಕ್ಕಿಗೆ ಹೋದವು. ಸೆನ್ಸಾರ್ ವರದಿಗಳು ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಸೊತ್ತಾದ್ದರಿಂದ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಅರಮನೆಯ ಒಡೆತನ ಪುರಸಭೆಯದಾದ್ದರಿಂದ ಊರಿನ ಕಡತ ನೋಡಲು ಬ್ರೈಟನ್ ಹೊರವಲಯದ ‘ದಿ ಕೀಪ್’ ಪತ್ರಾಗಾರಕ್ಕೇ ಹೋಗಬೇಕು. ತೀರಿಕೊಂಡ ಹಿಂದೂ, ಸಿಖ್ ಸಿಪಾಯಿಗಳಲ್ಲಿ 53 ಮಂದಿಯನ್ನು ಊರಾಚೆಯ ಗುಡ್ಡದಲ್ಲಿ ದಹನ ಮಾಡಿದರು. 1921ರಲ್ಲಿ ಅಲ್ಲಿ ಬಿಳಿ ಅಮೃತಶಿಲೆಯ ‘ಛತ್ರಿ’ ಸ್ಮಾರಕ ನಿಂತಿತು. ಮುಸಲ್ಮಾನರನ್ನು ಮಣ್ಣುಮಾಡಿದ್ದು ವೋಕಿಂಗ್‌ನಲ್ಲಿ.

ಮೈಸೂರು ಲ್ಯಾನ್ಸರ್ಸ್ ಸವಾರರನ್ನು ಹುಡುಕುವ ಕನ್ನಡಿಗರು ಬ್ರೈಟನ್ನಿನ ಕಾಗದಗಳಲ್ಲಿ ತಡಕಾಡಿ ಫಲವಿಲ್ಲ. ಅವರು 1914ರಲ್ಲೇ ಹೋದದ್ದು ಈಜಿಪ್ಟಿಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದರು. ಅವರಿದ್ದ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನ ದಿನಚರಿ ಕ್ಯೂನಲ್ಲಿದೆ. ಯಾವ ದಿನ ಎಲ್ಲಿ ಕಾಳಗವಾಯಿತು ಎಂಬುದನ್ನು ಅದರಿಂದ ಹಿಡಿದು, ಆ ಸೀಮೆಯ ಆಸ್ಪತ್ರೆಗಳ ದಿನಚರಿಗೆ ದಾಟಬೇಕು. ಇನ್ನು ದುಡ್ಡು ಕೊಟ್ಟವರು ಯಾರೆಂಬ ಪ್ರಶ್ನೆ. ಆ ದಳವನ್ನು ಸಾಕಿದ್ದು ಮೈಸೂರು ಸಂಸ್ಥಾನ. ಸಂಸ್ಥಾನದ ಸರ್ಕಾರಿ ಕಡತಗಳಿರುವುದು ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ. ಕ್ಯೂಗೆ ಟಿಕೆಟ್ ಬುಕ್ ಮಾಡುವ ಮೊದಲು ಒಂದು ಬಸ್ಸು ಹಿಡಿದು ಅಲ್ಲಿಗೆ ಹೋಗಿ ಬರುವುದು ಮೇಲು.