ಬಲಗೈಯ ಹಿಡಿಗೋಲು

ಜಮಖಂಡಿಯ ತರಗತಿಯೊಂದರಲ್ಲಿ ‘ಹಾಸುಹೊಕ್ಕು’ ಎಂಬ ಮಾತನ್ನು ಬಿಡಿಸಿ ಹೇಳುತ್ತಿದ್ದೆ. ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, “ಸರ, ಅರಿವಿಯಿಂದ ವಿಮಾನ ಮಾಡ್ತಾರಂತಲ್ಲರಿ, ಖರೇನ್ರಿ?” ಎಂದ. ವ್ಯಾಕರಣದ ಮೇಷ್ಟರು ಇಂಥ ಪ್ರಶ್ನೆಗೆ ಸಿದ್ಧರಾಗಿರುವುದಿಲ್ಲ. ಉತ್ತರವನ್ನು ಅರಸಿ ಹೊರಟ ನನಗೆ ಅರಿವೆಗಿಂತಲೂ ಸೋಜಿಗದ ವಸ್ತುವೊಂದು ಕಣ್ಣಿಗೆ ಬಿತ್ತು.

ಮಾತು ಖರೆ. 1987ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಹಾರಿಸಿದ ಇಬ್ಬರ ಪುಟ್ಟ ವಿಮಾನದ ಮೈ ಗಾಜಿನ ನೂಲಿನ ಬಟ್ಟೆಯದು; ಹಗುರವಾದ ಫೋಮಿನ ಮೇಲೆ ಪದರ ಪದರವಾಗಿ ಹಾಸಿ, ಎಪಾಕ್ಸಿ ಅಂಟಿನಿಂದ ಬಿಗಿದದ್ದು. ಅಮೆರಿಕದ ಬರ್ಟ್ ರುಟಾನ್, ಹವ್ಯಾಸಿಗಳು ಮನೆಯಲ್ಲಿಯೇ ಕಟ್ಟಿಕೊಳ್ಳಲೆಂದು ರೂಪಿಸಿದ ‘ಲಾಂಗ್ ಈಝೀ’ಯೇ ಅದಕ್ಕೆ ಮೂಲ. ಎಂಜಿನು ಬೆನ್ನ ಹಿಂದೆ, ಕಿರುರೆಕ್ಕೆ ಮೂಗಿನ ಬಳಿ. ವಿಮಾನವನ್ನಾಳುವ ಹಿಡಿಗೋಲು ಮಾತ್ರ ಎಂದಿನಂತೆ ಎರಡು ಮೊಣಕಾಲುಗಳ ನಡುವೆ ಇಲ್ಲ. ಬಲಗಡೆಯ ತೋಳಾಸರೆಯ ತುದಿಯಲ್ಲಿ ಗೇಣುದ್ದದ ಹಿಡಿಯಾಗಿ ನಿಂತಿದೆ. ಇದೇ ಸೈಡ್‌ಸ್ಟಿಕ್.

ಮುಂಗೈ ಊರಿಕೊಂಡಿರುತ್ತದೆ, ಮಣಿಕಟ್ಟು ಮಾತ್ರ ಆಡುತ್ತದೆ. ಹಿಡಿಯನ್ನು ಹಿಂದಕ್ಕೆಳೆದರೆ ಸರಳುಗಳ ಮೂಲಕ ಕಿರುರೆಕ್ಕೆಯ ರೆಪ್ಪೆ ಕೆಳಕ್ಕೆ ಬಾಗಿ, ಮುಂಭಾಗದ ಎತ್ತುಬಲ ಹೆಚ್ಚಿ ಮೂಗು ಮೇಲೇಳುತ್ತದೆ. ಪಕ್ಕಕ್ಕೆ ಒತ್ತಿದರೆ ದೊಡ್ಡ ರೆಕ್ಕೆಗಳ ರೆಪ್ಪೆಗಳು ಒಂದು ಮೇಲೆ, ಒಂದು ಕೆಳಗೆ ಸರಿದು ವಿಮಾನ ಓಲುತ್ತದೆ. ಎಡಗೈಗೆ ಎಂಜಿನಿನ ವೇಗ, ಕಾಲಿಗೆ ಚುಕ್ಕಾಣಿ. ಗುಂಡಿಮಗ್ಗದಲ್ಲಿ ಕುಳಿತವನನ್ನು ಕಂಡವರಿಗೆ ಇದು ಹೊಸದಲ್ಲ: ಒಂದು ಕೈ ಲಾಳಿಯ ದಾರವನ್ನೆಳೆಯುತ್ತದೆ, ಇನ್ನೊಂದು ಹೊಕ್ಕನ್ನು ಬಡಿದು ಕೂಡಿಸುತ್ತದೆ, ಕಾಲುಗಳು ತುಳಿಯುತ್ತಿರುತ್ತವೆ.

ಗೋಲು ಗಿಡ್ಡದಾದಷ್ಟೂ ಕೈಯ ಬಲ ಹೆಚ್ಚು ಬೇಕು. ಹಗುರ ವಿಮಾನದಲ್ಲಿ ರೆಪ್ಪೆಗಳ ಮೇಲಿನ ಗಾಳಿಯ ಒತ್ತಡವೇ ಅಲ್ಪವಾದ್ದರಿಂದ ಮಣಿಕಟ್ಟು ಸಾಲುತ್ತದೆ. ಆದರೆ ಹಿಡಿಯ ಓಡಾಟವೂ ಅಲ್ಪ. ಹೊಸಬನ ಕೈ ಅಗತ್ಯಕ್ಕಿಂತ ಹೆಚ್ಚು ಆಡಿಬಿಡುತ್ತದೆ. ಅದೇ 1987ರಲ್ಲಿ ಮೊದಲು ಹಾರಿದ ಏರ್‌ಬಸ್ ಎ320ಕ್ಕೂ ಪಕ್ಕದ ಹಿಡಿಯುಂಟು, ಆದರೆ ಅದು ಗಣಕಕ್ಕೆ ವಿದ್ಯುತ್ ಸಂಕೇತವನ್ನು ಕಳುಹಿಸುವುದಷ್ಟೆ. ಕೈಗೆ ತಾಗುವುದು ಸ್ಪ್ರಿಂಗಿನ ಬಿಗಿ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಅಂಗೈಗೆ ತಾಗುವುದು ಗಾಳಿಯೇ. ನನ್ನ ಮನಸ್ಸು ಒಲಿಯುವುದು ಇದಕ್ಕೆ.

ಒಲವಿಗೂ ಅಪಾಯವುಂಟು. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದು ಸತ್ತದ್ದು ಲಾಂಗ್ ಈಝೀಯಲ್ಲಿಯೇ. ನಕ್ಷೆಯಲ್ಲಿ ಕಾಲುಗಳ ನಡುವೆ ಇದ್ದ ಇಂಧನದ ತಿರುಗುಹಿಡಿಯನ್ನು ಆ ವಿಮಾನವನ್ನು ಕಟ್ಟಿದವರು ಎಡಭುಜದ ಹಿಂದೆ ಇರಿಸಿದ್ದರು. ಅದನ್ನು ತಿರುಗಿಸಬೇಕಾದರೆ ಬಲಗೈ ಹಿಡಿಗೋಲನ್ನು ಬಿಟ್ಟು, ಮೈ ಹಿಂದಕ್ಕೆ ಹೊರಳಬೇಕು. ಹಾಗೆ ಹೊರಳುವಾಗ ಬಲಗಾಲು ತಿಳಿಯದೆ ಚುಕ್ಕಾಣಿಯನ್ನು ಒತ್ತಿ ವಿಮಾನ ಹತೋಟಿ ತಪ್ಪಿತೆಂಬುದು ತನಿಖೆಯ ನಿರ್ಣಯ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಕೊಂಚ ಹೊತ್ತು ಸುಮ್ಮನಿದ್ದು, “ನೂಲು ಹರದರ ನಮ್ಮ ಅಪ್ಪಾರು ಮದಲ ಮಗ್ಗ ನಿಂದರಸ್ತಾರ್ರಿ, ಆಮ್ಯಾಲೆ ಹೊಳ್ಳಿ ನೋಡ್ತಾರ್ರಿ. ಮ್ಯಾಲೆ ಇದ್ದಾಗ ನಿಂದರಸೂದು ಹ್ಯಾಂಗ್ರಿ ಸರ?” ಎಂದ.