ನಿಮಗಿದು ಗೊತ್ತೆ? ಗುಂಡಿನ ದಪ್ಪ ಒಂದೇ, ಚೇಂಬರ್ ಬೇರೆ
ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ರಿವಾಲ್ವರ್ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್. ಆದರೆ 9 ಎಂಎಂ ಸರ್ವಿಸ್ ಕಾಡತೂಸು ಹಾರಿಸಬಲ್ಲ ರಿವಾಲ್ವರ್ ನಿಷೇಧಿತ ವರ್ಗದ್ದು. ಅದರ ಪರವಾನಗಿ ಕೇಂದ್ರ ಸರ್ಕಾರದ ಕೈಯಲ್ಲಿದೆ. 1962ರ ಶಸ್ತ್ರಾಸ್ತ್ರ ನಿಯಮಗಳು ಇಲ್ಲಿ ನಳಿಕೆಯ ಅಳತೆಗೆ ಜೋತುಬೀಳದೆ, ಚೇಂಬರಿನಲ್ಲಿ ಯಾವ ಕಾಡತೂಸು ಕೂತು ಸಿಡಿಯಬಲ್ಲದು ಎಂಬುದನ್ನೇ ಮಾನದಂಡ ಮಾಡಿಕೊಂಡವು. ಬಹಳ ವಿವೇಕದ ನಿರ್ಧಾರವಿದು.

ಏಕೆಂದರೆ ಗುಂಡಿನ ದಪ್ಪವನ್ನಷ್ಟೇ ನಂಬುವಂತಿಲ್ಲ. 9 ಎಂಎಂ ಪ್ಯಾರಾಬೆಲಂ ಎಂಬ ಈ ಸರ್ವಿಸ್ ಕಾಡತೂಸಿನ ಗುಂಡಿನ ವ್ಯಾಸ ಸುಮಾರು 9.03 ಮಿ.ಮೀ., .38 ಸ್ಪೆಷಲ್ ಎಂಬ ರಿವಾಲ್ವರ್ ಕಾಡತೂಸಿನದು 9.07. ಹೆಚ್ಚುಕಡಿಮೆ ಒಂದೇ. ಆದರೆ ಪ್ಯಾರಾಬೆಲಂನ ಹಿತ್ತಾಳೆ ಕೋಶ 19.15 ಮಿ.ಮೀ. ಉದ್ದ, ಬುಡದಲ್ಲಿ 9.93 ದಪ್ಪ, ಸ್ಪೆಷಲ್‌ನದು 29.3 ಉದ್ದ, 9.63 ದಪ್ಪ. ಹೀಗಾಗಿ ಪ್ಯಾರಾಬೆಲಂ .38ರ ಚೇಂಬರಿಗೆ ಸರಿಯಾಗಿ ಇಳಿಯುವುದೇ ಇಲ್ಲ. ಅದಕ್ಕೆ ಹೊರಚಾಚಿದ ಅಂಚೂ ಇಲ್ಲ; 9 ಎಂಎಂ ರಿವಾಲ್ವರ್‌ಗಳಲ್ಲಿ ಖಾಲಿ ಕೋಶಗಳನ್ನು ಒಟ್ಟಿಗೆ ಹೊರತಳ್ಳಲು ಸಾಮಾನ್ಯವಾಗಿ ಮೂನ್ ಕ್ಲಿಪ್ ಎಂಬ ತೆಳು ಉಕ್ಕಿನ ಬಿಲ್ಲೆ ಬೇಕು.

1935ರಲ್ಲಿ ಬಂದ .357 ಮ್ಯಾಗ್ನಮ್ ಕೋಶವನ್ನು .38ಕ್ಕಿಂತ 3 ಮಿ.ಮೀ.ಗೂ ಹೆಚ್ಚು ಉದ್ದ ಮಾಡಿದ್ದು, ಹಳೆಯ ರಿವಾಲ್ವರ್‌ಗಳೊಳಗೆ ಅದು ಹೋಗದಿರಲಿ ಎಂದೇ. ಅದರ ಒತ್ತಡ ದುಪ್ಪಟ್ಟು. ಸಿಲಿಂಡರ್ ಸಿಡಿದು ಕೈ ಹೋದೀತು.

ಇನ್ನು ನಿಷೇಧಿತ ವರ್ಗಕ್ಕೆ ಸೇರದ, ಪರವಾನಗಿದಾರರು ಕೊಳ್ಳಬಹುದಾದ ಕಾನ್ಪುರದ .32 ರಿವಾಲ್ವರ್‌ನ ಕಾಡತೂಸಿನ ಅಳತೆ 7.65×23 ಮಿ.ಮೀ.